ಅಡಿಕೆಯ ಅ ಎಲ್ಲಿ ಹೋಯ್ತು?

ಮೈಸೂರಿನ ನಮ್ಮ ಅಡುಗೆಮನೆಯಲ್ಲಿ, ಮಿಕ್ಸಿ ಇಡುವ ಕಟ್ಟೆಯ ಮೇಲಿನ ಗೋಡೆಗೆ ಒಂದು ಪುಟ್ಟ ಪರದೆ ಹಾಕಿದ್ದೇನೆ. ದಿನಾ ಬೆಳಿಗ್ಗೆ ಐದೂವರೆಗೆ ಅದರಲ್ಲಿ ಹೊಸ ಗಾದೆ ಬರುತ್ತದೆ. ಗಾದೆಗಳು ಅಮ್ಮನವು. ಅಮ್ಮ ಇರುವುದು ಸಾಗರದಲ್ಲಿ, ಅಣ್ಣನ ಮನೆಯಲ್ಲಿ. 31 ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವರು. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ತೋಟದ ಕೆಲಸಕ್ಕೆ ಬಂದವರ ಬಾಯಲ್ಲಿ, ಎಲ್ಲಿ ಹೊಸ ಗಾದೆ ಕೇಳಿದರೂ ಚೀಟಿಯಲ್ಲಿ ಗೀಚಿಕೊಂಡು ಬಂದು ರಾತ್ರಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಅಂಥ ನೋಟ್‌ಬುಕ್ಕು ಮೂರಿವೆ.

ಕಳೆದ ಬೇಸಿಗೆ ರಜೆಯಲ್ಲಿ ಅಣ್ಣನ ಮಗ ಅಜ್ಜಿಯ ಪಕ್ಕ ಕೂತು ಎರಡು ನೋಟ್‌ಬುಕ್ಕು ಟೈಪ್ ಮಾಡಿದ. ಸಾದಾ ಟೆಕ್ಸ್ಟ್ ಫೈಲ್. ಒಂದು ಸಾಲಿಗೆ ಒಂದು ಗಾದೆ. ತಲೆಯಲ್ಲಿ ಹ್ಯಾಶ್ ಗುರುತು ಹಾಕಿ 'ಗಾದೆಗಳು' ಎಂದು ಒಂದು ಶೀರ್ಷಿಕೆ. ಒಟ್ಟು 413 ಸಾಲು, ಸುಮಾರು 36 ಕೆಬಿ. ಮನೆಯವರ ಫೋಟೋ ಇಡಲು ನಾನು ಮಾಡಿದ್ದ ಸಣ್ಣ ವೆಬ್‌ಸೈಟಿಗೆ ಅದನ್ನು ಹಾಕಿ, "ಅತ್ತೆ, ಇದನ್ನ ನಿಮ್ಮ ಪರದೆಗೆ ತಗೊಳ್ಳಿ" ಅಂದ.

ಡೇಟಾಬೇಸ್ ಬೇಡ, ಆ್ಯಪ್ ಬೇಡ ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಅಜ್ಜಿ ಒಂದು ಗಾದೆ ಹೇಳಬೇಕು, ಮೊಮ್ಮಗ ಒಂದು ಸಾಲು ಸೇರಿಸಬೇಕು, ಬೆಳಿಗ್ಗೆ ಅದು ಮೈಸೂರಿಗೆ ಬರಬೇಕು. ಇದಕ್ಕೆ ಟೆಕ್ಸ್ಟ್ ಫೈಲಿಗಿಂತ ಒಳ್ಳೆಯದು ಇಲ್ಲ. ಈಗಲೂ ಅದೇ ಮಾತು ಹೇಳುತ್ತೇನೆ. ಆದರೆ ವೆಬ್‌ಸೈಟಿನಿಂದ ಒಂದು ಟೆಕ್ಸ್ಟ್ ಫೈಲ್ ಓದುವುದು ಭಾನುವಾರ ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ. ಹಿಡಿದದ್ದು ಆರು ವಾರ. ಆ ಆರು ವಾರದ ಕತೆ ಇದು.

ಸಾಮಾನು

ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯು ಎಂಬ ಪುಟ್ಟ ಕಂಪ್ಯೂಟರ್. 512 ಎಂಬಿ ಮೆಮೊರಿ, ಒಳಗೇ ವೈಫೈ. ಪರದೆ 7.5 ಇಂಚಿನ ಇ-ಇಂಕ್, ಅಡ್ಡಕ್ಕೆ 800, ಉದ್ದಕ್ಕೆ 480 ಚುಕ್ಕೆ. ಇ-ಇಂಕ್ ಯಾಕೆ ಅಂದರೆ ಕರೆಂಟ್ ಹೋದರೂ ಅದರ ಮೇಲಿನ ಅಕ್ಷರ ಹಾಗೇ ಉಳಿಯುತ್ತದೆ. ಅಡುಗೆಮನೆಯಲ್ಲಿ ಇನ್ನೊಂದು ಹೊಳೆಯುವ ಟಿವಿ ನನಗೆ ಬೇಕಿರಲಿಲ್ಲ.

ಸ್ಕ್ರಿಪ್ಟ್, ಅಂದರೆ ಇದನ್ನೆಲ್ಲ ನಡೆಸುವ ಪುಟ್ಟ ಪ್ರೋಗ್ರಾಂ, ಪೈಥಾನ್ ಭಾಷೆಯಲ್ಲಿ. ಅಕ್ಷರ ಬಿಡಿಸುವುದಕ್ಕೆ ಪಿಲ್ಲೋ ಲೈಬ್ರರಿ (ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಮತ್ತು ನೋಟೋ ಸ್ಯಾನ್ಸ್ ಕನ್ನಡ ಫಾಂಟ್. ಇಲ್ಲಿ ಒಂದು ಎಚ್ಚರಿಕೆ. ಪಿಲ್ಲೋ ಒಂದೇ ಇದ್ದರೆ ಒತ್ತಕ್ಷರ ಕೂಡುವುದಿಲ್ಲ, ಅಕ್ಷರಗಳು ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ. ಜೊತೆಗೆ ರಾಕ್ಮ್ ಎನ್ನುವ ಲೈಬ್ರರಿ ಇರಬೇಕು. ಅದು ಇದೆಯೋ ಇಲ್ಲವೋ ಎಂದು ಪಿಲ್ಲೋವನ್ನೇ ಕೇಳಬಹುದು. ಕೇಳಿ, ಹಾಕಿ, ಮುಂದೆ ಹೋದೆ.

ಮೊದಲ ಭಾನುವಾರ

ವೆಬ್‌ನಿಂದ ಫೈಲ್ ತರುವ ರಿಕ್ವೆಸ್ಟ್ಸ್ ಲೈಬ್ರರಿಗೆ ವಿಳಾಸ ಕೊಟ್ಟು ಫೈಲ್ ತರಿಸಿದೆ. ಬಂದ ಉತ್ತರದಿಂದ 'ಟೆಕ್ಸ್ಟ್' ತೆಗೆದುಕೊಂಡೆ. ಸ್ಪ್ಲಿಟ್‌ಲೈನ್ಸ್ ಹಾಕಿ ಸಾಲು ಸಾಲಾಗಿ ಕತ್ತರಿಸಿದೆ. ಮೂರೇ ಸಾಲಿನ ಸ್ಕ್ರಿಪ್ಟ್. ಶೀರ್ಷಿಕೆ ಬಿಟ್ಟು ಮೊದಲ ಗಾದೆಯನ್ನು ಟರ್ಮಿನಲ್‌ಗೆ ಬರೆಸಿದೆ.

ಬರಬೇಕಿದ್ದದ್ದು 'ಕೈ ಕೆಸರಾದರೆ ಬಾಯಿ ಮೊಸರು'. ಬಂದದ್ದು ಬೇರೇನೋ. ಇಂಗ್ಲಿಷಿನ ಚಿಕ್ಕ ಎ, ಅದರ ನೆತ್ತಿಯ ಮೇಲೊಂದು ಓರೆ ಗೀಟು, ಪಕ್ಕದಲ್ಲಿ ಮೇಲಕ್ಕೆ ಏರಿಸಿದ ಪುಟ್ಟ 2. ಮತ್ತೆ ಅದೇ ಎ, ಈ ಸಲ ಪುಟ್ಟ 3. ಹೀಗೇ ಸಾಲಿನ ಉದ್ದಕ್ಕೂ. ಕನ್ನಡ ವೆಬ್‌ಸೈಟ್ ಓದುವವರು ಯಾವತ್ತಾದರೂ ಒಂದು ದಿನ ಇದನ್ನು ನೋಡಿಯೇ ಇರುತ್ತಾರೆ, ಅಲ್ವಾ?

ಆ ಸಾಲಿನ ಉದ್ದ ಎಷ್ಟು ಎಂದು ಪೈಥಾನ್‌ನ ಕೇಳಿದೆ. 60 ಎಂದಿತು. ಬೆರಳು ಮಡಿಚಿ ಎಣಿಸಿದೆ. ಅಕ್ಷರ ಮತ್ತು ಗುಣಿತದ ಚಿಹ್ನೆ ಸೇರಿ 19, ನಡುವಿನ ಖಾಲಿ ಜಾಗ 3, ಒಟ್ಟು 22. ಹತ್ತೊಂಬತ್ತು ಮೂರಲ 57, ಅದಕ್ಕೆ 3 ಸೇರಿಸಿದರೆ 60. ಒಂದೊಂದು ಕನ್ನಡ ಅಕ್ಷರವೂ ಮೂರು ಮೂರಾಗಿ ಒಡೆದಿದೆ ಎಂದು ಅಲ್ಲಿಗೆ ಗೊತ್ತಾಯಿತು.

ಹೀಗಾಗುವುದಕ್ಕೆ ಕಾರಣ ಇದೆ. ತಂತಿಯ ಮೇಲೆ ಬರುವುದು ಅಕ್ಷರ ಅಲ್ಲ, ಬೈಟ್. 0ಯಿಂದ 255ರವರೆಗಿನ ಸಂಖ್ಯೆಗಳು, ಅಷ್ಟೇ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆ ಕೊಟ್ಟಿದ್ದಾರೆ. ಇಷ್ಟು ದೊಡ್ಡ ಸಂಖ್ಯೆ ಒಂದು ಬೈಟಿನಲ್ಲಿ ಹಿಡಿಸುವುದಿಲ್ಲ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ 2048ರಿಂದ 65535ರವರೆಗಿನ ಅಕ್ಷರಗಳಿಗೆ ಮೂರು ಬೈಟ್. ನಮ್ಮ ಕ ಅಕ್ಷರ 3221ನೇ ಮನೆ. ಅದು 224, 178, 149 ಆಗಿ ಪ್ರಯಾಣ ಮಾಡುತ್ತದೆ. ಕನ್ನಡದ ಎಲ್ಲ ಅಕ್ಷರಕ್ಕೂ ಮೊದಲ ಬೈಟ್ 224. ಎರಡನೆಯದು ಮೊದಲ 64 ಮನೆಗೆ 178, ಉಳಿದ 64 ಮನೆಗೆ 179.

ಹಳೆಯ ಯುರೋಪಿನ ಲ್ಯಾಟಿನ್-1 ಪಟ್ಟಿಯಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಅಲ್ಲಿ 224 ಅಂದರೆ ಗೀಟು ಹೊತ್ತ ಎ. 178 ಅಂದರೆ ಪುಟ್ಟ 2. 179 ಅಂದರೆ ಪುಟ್ಟ 3. ಅಂದರೆ ಫೈಲ್ ಹಾಳಾಗಿರಲಿಲ್ಲ. ಯಾರೋ ಅದನ್ನು ತಪ್ಪು ಪಟ್ಟಿ ಹಿಡಿದು ಓದಿದ್ದರು.

ಯಾರು? ಫೈಲಿನ ಜೊತೆ ಸರ್ವರ್ (ವೆಬ್‌ಸೈಟ್ ಇರುವ ಕಂಪ್ಯೂಟರ್) ಕಳಿಸಿದ ಹೆಡರ್, ಅಂದರೆ ಫೈಲಿನ ವಿವರದ ಚೀಟಿ, ತೆರೆದು ನೋಡಿದೆ. ಇದು ಸಾದಾ ಟೆಕ್ಸ್ಟ್ ಎಂದಷ್ಟೇ ಹೇಳಿತ್ತು. ಯಾವ ಅಕ್ಷರಪಟ್ಟಿ ಎಂಬ ಮಾತೇ ಇಲ್ಲ. ವೆಬ್‌ನಲ್ಲಿ ಫೈಲ್ ಕೇಳುವ, ಕೊಡುವ ಕ್ರಮಕ್ಕೆ ಎಚ್‌ಟಿಟಿಪಿ ಎನ್ನುತ್ತಾರೆ. ಅದರ 1999ರ ನಿಯಮದಲ್ಲಿ, ಟೆಕ್ಸ್ಟ್ ಬಂದು ಪಟ್ಟಿ ಹೇಳದಿದ್ದರೆ ಲ್ಯಾಟಿನ್-1 ಎಂದು ತಿಳಿಯಿರಿ ಎಂದಿತ್ತು. 2014ರಲ್ಲಿ ಬಂದ ಹೊಸ ನಿಯಮ ಆ ಸಾಲನ್ನು ತೆಗೆದು ಹಾಕಿತು. ಆದರೆ ರಿಕ್ವೆಸ್ಟ್ಸ್ ಲೈಬ್ರರಿ ಇನ್ನೂ ಹಳೆಯ ನಿಯಮವನ್ನೇ ಪಾಲಿಸುತ್ತದೆ. ಅದು ತನ್ನ ದಾಖಲೆಯಲ್ಲಿ ಇದನ್ನು ಬರೆದೂ ಇದೆ. ನಾನು ಓದಿರಲಿಲ್ಲ.

ತೇಪೆ ಹಾಕಿದ್ದು

ರಾತ್ರಿ ಹತ್ತಾಗಿತ್ತು. ಅಲ್ಲೇ ಒಂದು ತೇಪೆ ಹಾಕಿದೆ. ಕತ್ತರಿಸಿದ ಪ್ರತಿ ಸಾಲನ್ನೂ ಲ್ಯಾಟಿನ್-1 ಮೂಲಕ ಹಿಂದಕ್ಕೆ ಬೈಟ್ ಮಾಡು, ಆ ಬೈಟನ್ನು ಯುಟಿಎಫ್-8 ಎಂದು ಓದು. ಲ್ಯಾಟಿನ್-1ರಲ್ಲಿ 256 ಬೈಟಿಗೂ ಒಂದೊಂದು ಜಾಗ ಇರುವುದರಿಂದ ಹೋಗುವಾಗ ಏನೂ ಕಳೆಯುವುದಿಲ್ಲ, ಬರುವಾಗಲೂ ಕಳೆಯುವುದಿಲ್ಲ. ಓಡಿಸಿದೆ. ಎಲ್ಲೋ ಒಂದು ಕಡೆ ದೋಷ ಎಂದು ನಿಂತಿತು. ದೋಷ ಬಂದರೆ ಬಿಟ್ಟು ಮುಂದೆ ಹೋಗು ಎಂದು ಬರೆದೆ. ಖಾಲಿ ಸಾಲು ಬಂದರೆ ಎಸೆ ಎಂದೂ ಬರೆದೆ.

'ಕೈ ಕೆಸರಾದರೆ ಬಾಯಿ ಮೊಸರು' ಪರದೆಯ ಮೇಲೆ ದುಂಡಗೆ ಕೂತಿತು. ಖುಷಿಯಾಗಿ ಮಲಗಿದೆ.

ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಅಮ್ಮ ವಿಡಿಯೋ ಕಾಲ್ ಮಾಡಿದ್ದರು. "ನಿನ್ನ ಪರದೆ ತೋರಿಸು" ಅಂದರು. ಫೋನ್ ತಿರುಗಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು:

"ಎಂತ ಮಾರಾಯ್ತಿ, ಅಡಿಕೆಯ ಅ ಎಲ್ಲಿ ಹೋಯ್ತು?"

ನೋಡಿದರೆ ಪರದೆಯ ಮೇಲೆ 'ಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಎಂದಿದೆ. ಬೆಳಿಗ್ಗೆಯಿಂದ ಅದರ ಮುಂದೆಯೇ ನಿಂತು ಒಗ್ಗರಣೆ ಹಾಕಿದ್ದೇನೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮೇಷ್ಟ್ರ ಕಣ್ಣಿಗೆ ಒಂದೇ ಕ್ಷಣಕ್ಕೆ ಬಿತ್ತು.

ಕಳೆದ ಅ

ಮೊದಲು ಫೈಲಿನಲ್ಲೇ ತಪ್ಪಿದೆಯಾ ನೋಡಿದೆ. ಇಳಿಸಿಕೊಂಡು ಎಡಿಟರ್‌ನಲ್ಲಿ ತೆರೆದರೆ ಅ ಇದೆ. ಆಮೇಲೆ ಸ್ಕ್ರಿಪ್ಟಿನ ಎಲ್ಲ ಸಾಲನ್ನೂ ಒಟ್ಟಿಗೆ ಬರೆಸಿ ನಿಧಾನಕ್ಕೆ ಓದಿದೆ. ಒಂದು ಕಡೆ 'ಲ್ಪನಿಗೆ ಐಶ್ವರ್ಯ ಬಂದರೆ' ಎಂದು ಒಂದು ಸಾಲು. ಅದರ ಕೆಳಗೆ ಬೇರೆ ಗಾದೆಯ ಹಾಗೆ 'ರ್ಧರಾತ್ರಿಯಲ್ಲಿ ಕೊಡೆ ಹಿಡಿದ'. ಎರಡು ಅ ಇದ್ದ ಗಾದೆ ಎರಡೂ ಕಡೆ ಮುರಿದಿದೆ, ಎರಡೂ ಅ ಕಾಣೆ. ಆ ಹೋಗಿಲ್ಲ, ಇ ಹೋಗಿಲ್ಲ, ಐ ಹೋಗಿಲ್ಲ. ಅ ಮಾತ್ರ.

ಸಾಲು ಎಣಿಸಿದೆ. ಕತ್ತರಿಸಿದ ಕೂಡಲೇ, ಏನನ್ನೂ ಎಸೆಯುವ ಮೊದಲು, ಎಷ್ಟು ತುಂಡು? 413 ಇರಬೇಕಿತ್ತು. 561 ಇತ್ತು. 148 ಜಾಸ್ತಿ. ಎಡಿಟರ್‌ನಲ್ಲಿ ಅ ಹುಡುಕಿದೆ. ಫೈಲಿನಲ್ಲಿ 148 ಅ.

ಕೈ ಹಾಗೇ ನಿಂತಿತು. ಲೆಕ್ಕ ಇಷ್ಟು ಸರಿಯಾಗಿ ಕೂಡಿ ಬಂದಾಗ ಆಗುವ ಒಂಥರಾ ಖುಷಿ ಇದೆಯಲ್ಲ, ರಿಪೇರಿ ಕೆಲಸ ಮಾಡುವವರಿಗೆ ಅದು ಗೊತ್ತು.

ಅ ಯುನಿಕೋಡ್‌ನಲ್ಲಿ 3205ನೇ ಮನೆ. ಅದರ ಮೂರು ಬೈಟ್ 224, 178, 133. ಆ ಮೂರನೆಯ 133 ನೋಡಿ. ಲ್ಯಾಟಿನ್-1 ಪಟ್ಟಿಯಲ್ಲಿ 128ರಿಂದ 159ರವರೆಗೆ ಕಣ್ಣಿಗೆ ಕಾಣುವ ಅಕ್ಷರ ಇಲ್ಲ, ಕಂಟ್ರೋಲ್ ಸಂಕೇತಗಳಿವೆ. ಅದರಲ್ಲಿ 133ರ ಅರ್ಥ 'ಮುಂದಿನ ಸಾಲು'. ಐಬಿಎಂ ಮೇನ್‌ಫ್ರೇಮ್‌ಗಳ ಕಾಲದ ಸಂಕೇತ ಅದು. ಪೈಥಾನ್‌ನ ಸ್ಪ್ಲಿಟ್‌ಲೈನ್ಸ್ ಅದನ್ನೂ ಸಾಲಿನ ಕೊನೆ ಎಂದೇ ಎಣಿಸುತ್ತದೆ. ಹಾಗಾಗಿ ಅ ಬಂದಲ್ಲೆಲ್ಲ 133ನ್ನು ಕತ್ತರಿಸಿ ಬಿಸಾಡಿತು. ಉಳಿದ 224, 178 ಬೈಟಿನ ಮೊಂಡು ತುಂಡನ್ನು ನನ್ನ ತೇಪೆ 'ದೋಷ ಬಂದರೆ ಬಿಡು' ಎಂದು ನುಂಗಿತು. ಅ ಸದ್ದಿಲ್ಲದೆ ಹೋಯಿತು. ನನ್ನ ಪರೀಕ್ಷೆಯ ಗಾದೆಯಲ್ಲಿ ಅ ಇರಲೇ ಇಲ್ಲ, ಹಾಗಾಗಿ ಅದು ಪಾಸಾಗಿತ್ತು.

ಆ ರಾತ್ರಿ ನಿಲ್ಲಿಸಿದ ದೋಷ ನನಗೆ ದಾರಿ ತೋರಿಸುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದ್ದೆ. ಸಾವಿರ ಸಲ ಕೇಳಿದ ಮಾತಾದರೂ ಇಲ್ಲಿ ಬರೆದಿಡುತ್ತೇನೆ: ಡಿಕೋಡ್ ಮಾಡುವಾಗ, ಅಂದರೆ ಬೈಟನ್ನು ಅಕ್ಷರವಾಗಿ ಓದುವಾಗ, ದೋಷ ಬಂದರೆ ಬಿಡು ಎಂದು ಬರೆಯಬೇಡಿ. ಇಂಗ್ಲಿಷ್ ಫೈಲಿನಲ್ಲಿ ಅದು ಎಲ್ಲೋ ಒಂದು ಕೊಕ್ಕೆ ನುಂಗಬಹುದು. ಕನ್ನಡದಲ್ಲಿ ನಮ್ಮ ಮೊದಲ ಅಕ್ಷರವನ್ನೇ ನುಂಗುತ್ತದೆ.

ತೇಪೆ ಕಿತ್ತು ಹಾಕಿದೆ. ಈಗ ಸ್ಕ್ರಿಪ್ಟ್ 'ಟೆಕ್ಸ್ಟ್' ಕೇಳುವುದೇ ಇಲ್ಲ. 'ಕಂಟೆಂಟ್' ಕೇಳುತ್ತದೆ, ಅಂದರೆ ಬಂದ ಬೈಟ್ ಬಂದ ಹಾಗೆಯೇ. ಇಡೀ ಫೈಲ್ ಕೈಗೆ ಸಿಕ್ಕ ಮೇಲೆ ಒಂದೇ ಸಲ ಯುಟಿಎಫ್-8 ಎಂದು ಹೆಸರು ಹೇಳಿ ಓದುತ್ತದೆ. ಆಮೇಲೆ ಸಾಲು ಕತ್ತರಿಸುತ್ತದೆ. ಈ ಕ್ರಮವೇ ಮುಖ್ಯ: ಮೊದಲು ಓದು, ಆಮೇಲೆ ಕತ್ತರಿಸು. ತುಂಡು ತುಂಡಾಗಿ ತರಿಸಿಕೊಂಡು ತುಂಡು ತುಂಡಾಗಿಯೇ ಓದಲು ಹೋದರೂ ಇದೇ ಪಾಡು. 1024 ಬೈಟಿನ ತುಂಡು ಮೂರರಿಂದ ಭಾಗವಾಗುವುದಿಲ್ಲ, ತುದಿಯಲ್ಲಿ ಒಂದು ಅಕ್ಷರ ನಡುವೆ ಸೀಳುತ್ತದೆ. 36 ಕೆಬಿಗೆ ಆ ತಾಪತ್ರಯ ಯಾಕೆ, ಪೂರ್ತಿ ತರಿಸಿದರಾಯಿತು.

ಸರ್ವರ್ ಕಡೆಯೂ ಸರಿ ಮಾಡಿದೆ. ಅದು ಅಪಾಚಿ ಸರ್ವರ್. ಅದಕ್ಕೆ ಸೂಚನೆ ಬರೆದಿಡುವ ಎಚ್‌ಟಿ-ಆ್ಯಕ್ಸೆಸ್ ಫೈಲಿನಲ್ಲಿ, ಟೆಕ್ಸ್ಟ್ ಫೈಲುಗಳೆಲ್ಲ ಯುಟಿಎಫ್-8 ಎಂದು ಒಂದು ಸಾಲು ಸೇರಿಸಿದರೆ ಹೆಡರಿನಲ್ಲಿ ಅದೂ ಬರುತ್ತದೆ. ನನ್ನ ಸ್ಕ್ರಿಪ್ಟಿಗೆ ಇದು ಬೇಕಾಗಿರಲಿಲ್ಲ. ಆದರೆ ನಾಳೆ ಇನ್ಯಾರೋ ಆ ಫೈಲನ್ನು ಬೇರೆ ರೀತಿಯಲ್ಲಿ ಓದಬಹುದು. ಅವರ ಅ ಕಳೆಯಬಾರದು.

ಮರುದಿನ ಎಣಿಕೆ ನೋಡಿದೆ. 413 ಸಾಲು, 148 ಅ. ಈ ಎರಡು ಸಂಖ್ಯೆಯನ್ನು ಸ್ಕ್ರಿಪ್ಟ್ ದಿನಾ ಲಾಗ್‌ನಲ್ಲಿ, ಅಂದರೆ ತನ್ನ ದಿನಚರಿ ಫೈಲಿನಲ್ಲಿ, ಬರೆಯುವಂತೆ ಮಾಡಿದೆ.

ಪ್ರಶ್ನೆ ಚಿಹ್ನೆಗಳ ದಿನ

ಎರಡನೇ ವಾರದಲ್ಲಿ ದೊಡ್ಡ ಗಂಡಾಂತರವೇ ಆಯಿತು. ಮನೆಯ ಲ್ಯಾಪ್‌ಟಾಪ್ ಕೆಟ್ಟಿತ್ತು ಎಂದು ಹುಡುಗ ಅಣ್ಣನ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಫೈಲ್ ತೆರೆದು ನಾಲ್ಕು ಗಾದೆ ಸೇರಿಸಿ ಸೇವ್ ಮಾಡಿದ. ಅಲ್ಲಿನ ಎಡಿಟರ್ 'ಆನ್ಸಿ' ಎಂಬ ಪದ್ಧತಿಯಲ್ಲಿ ಉಳಿಸುತ್ತದೆ. ಆ ಪದ್ಧತಿಯಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಕೆಲವು ಅಕ್ಷರ ಕಳೆಯಬಹುದು ಎಂದು ಅದು ಕೇಳಿತಂತೆ, ಇವನು ಓಕೆ ಒತ್ತಿದ. ಪ್ರತಿ ಕನ್ನಡ ಅಕ್ಷರದ ಜಾಗದಲ್ಲೂ ಒಂದು ಪ್ರಶ್ನೆ ಚಿಹ್ನೆ ಕೂತಿತು. ಅದೇ ಫೈಲ್ ವೆಬ್‌ಸೈಟಿಗೂ ಹೋಯಿತು.

ಲ್ಯಾಟಿನ್-1ರ ಗೋಜಲು ಹಿಂದಕ್ಕೆ ಬರುತ್ತದೆ, ಯಾಕೆಂದರೆ ಬೈಟ್ ಉಳಿದಿರುತ್ತದೆ. ಪ್ರಶ್ನೆ ಚಿಹ್ನೆ ಹಿಂದಕ್ಕೆ ಬರುವುದಿಲ್ಲ. ಅದು 63 ಎಂಬ ಬೈಟ್, ಅಷ್ಟೇ. ಅದರ ಕೆಳಗೆ ಏನಿತ್ತು ಎಂದು ಯಾರಿಗೂ ಹೇಳಲಾಗುವುದಿಲ್ಲ.

ಆದರೆ ಅದಕ್ಕೆ ಎರಡು ದಿನ ಮುಂಚೆ ನಾನೊಂದು ಕೆಲಸ ಮಾಡಿದ್ದೆ. ನೆಟ್ ಇಲ್ಲದ ದಿನ ಪರದೆ ಖಾಲಿ ನಿಲ್ಲಬಾರದು ಎಂದು, ಸರಿಯಾಗಿ ಓದಿದ ಫೈಲಿನ ಒಂದು ಪ್ರತಿಯನ್ನು ಪೈ ಒಳಗೇ ಇಡುತ್ತಿದ್ದೆ. ಹೊಸದು ಬಂದಾಗ ಮೊದಲು ಬೇರೆ ಹೆಸರಿನಲ್ಲಿ ಬರೆದು, ತಪಾಸಣೆ ಮುಗಿದ ಮೇಲೆ ಹಳೆಯದರ ಜಾಗಕ್ಕೆ ತರುವ ಹಾಗೆ. ನಡುವೆ ಕರೆಂಟ್ ಹೋದರೂ ಅರ್ಧ ಬರೆದ ಫೈಲ್ ಉಳಿಯುವುದಿಲ್ಲ. ತಪಾಸಣೆ ಅಂದರೆ ಬರೀ ಒಂದು ಪ್ರಶ್ನೆ: ಸಾಲಿನಲ್ಲಿ 3200ರಿಂದ 3327ರ ಒಳಗಿನ ಅಕ್ಷರ ಒಂದಾದರೂ ಇದೆಯಾ? ಅವತ್ತು ಬೆಳಿಗ್ಗೆ ಒಂದು ಸಾಲಿನಲ್ಲೂ ಇರಲಿಲ್ಲ. ಸ್ಕ್ರಿಪ್ಟ್ ಹೊಸದನ್ನು ಮುಟ್ಟದೆ ಹಳೆಯದನ್ನೇ ತೋರಿಸಿತು. ಆ ಪ್ರತಿಯನ್ನೇ ಸಾಗರಕ್ಕೆ ಕಳಿಸಿದೆ. ಹುಡುಗ ಅಳುವುದರಲ್ಲಿದ್ದ. ಅವನಿಗೆ ಹೇಳಿದ್ದು ಇಷ್ಟೇ: ಓಕೆ ಒತ್ತುವ ಮೊದಲು ಓದು, ಉಳಿಸುವಾಗ ಪಟ್ಟಿಯಿಂದ ಯುಟಿಎಫ್-8 ಆರಿಸು.

ಆರಿಸಿದ. ಮರುದಿನ ಪರದೆಯ ಮೇಲೆ ಗಾದೆಯ ಬದಲು 'ಗಾದೆಗಳು' ಎಂಬ ಶೀರ್ಷಿಕೆ ಬಂತು, ಹ್ಯಾಶ್ ಗುರುತಿನ ಸಮೇತ. ಹ್ಯಾಶ್‌ನಿಂದ ಶುರುವಾಗುವ ಸಾಲು ಬಿಡು ಎಂದು ಬರೆದಿದ್ದೆನಲ್ಲ! ಬೈಟ್ ಬರೆಸಿ ನೋಡಿದರೆ ಹ್ಯಾಶ್‌ಗೂ ಮುಂಚೆ 239, 187, 191. ಆ ಎಡಿಟರ್ ಯುಟಿಎಫ್-8 ಎಂದು ಉಳಿಸುವಾಗ ತಲೆಯಲ್ಲಿ ಈ ಮೂರು ಬೈಟ್ ಗುರುತು ಹಾಕುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಸಾಲು ಶುರುವಾಗುವುದು ಅದರಿಂದಲೇ. ಪೈಥಾನ್‌ನಲ್ಲಿ ಇದಕ್ಕೆಂದೇ ಯುಟಿಎಫ್-8-ಸಿಗ್ ಎಂಬ ಹೆಸರಿದೆ. ಗುರುತು ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಸುಮ್ನೆ ಓದುತ್ತದೆ. ಹೆಸರು ಬದಲಿಸಿದೆ, ಮುಗಿಯಿತು.

ಮೂರನೇ ನೋಟ್‌ಬುಕ್ಕು

ಮೂರನೇ ನೋಟ್‌ಬುಕ್ಕಿನ ಒಂದಷ್ಟು ಗಾದೆಯನ್ನು ಅಮ್ಮ ಹಿಂದೆಯೇ ಶಾಲೆಯ ಕಂಪ್ಯೂಟರಿನಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶ ಬಳಸಿ ಟೈಪ್ ಮಾಡಿಸಿದ್ದರು. ಹುಡುಗ ಆ 64 ಸಾಲನ್ನು ಹಾಗೇ ತಂದು ಅಂಟಿಸಿದ. ತಪಾಸಣೆ 64 ಸಾಲನ್ನೂ ಹಿಡಿಯಿತು. ಒಂದರಲ್ಲೂ ಕನ್ನಡ ಅಕ್ಷರ ಇಲ್ಲ. ನೋಡಿದರೆ ಇಂಗ್ಲಿಷ್ ಅಕ್ಷರ, ಗೀಟು, ಚುಕ್ಕೆಗಳ ಕಲಸುಮೇಲೋಗರ.

ಇದು ಲ್ಯಾಟಿನ್-1ರ ಗೋಜಲಿನ ಹಾಗೆ ಕಂಡರೂ ಅದಲ್ಲ. ಆ ಕಾಲದ ನುಡಿ ಫೈಲಿನಲ್ಲಿ ಇರುವುದು ನಿಜವಾಗಿಯೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ. ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಆಕಾರ ಬಿಡಿಸುತ್ತಿತ್ತು. 'ಕನ್ನಡ' ಎಂಬ ಪದವೇ ಅಲ್ಲಿ ಇಂಗ್ಲಿಷಿನ ದೊಡ್ಡ ಪಿ ಇಂದ ಶುರುವಾಗುತ್ತದೆ. ಫಾಂಟ್ ತೆಗೆದರೆ ಕನ್ನಡವೂ ಹೋಗುತ್ತದೆ. ಹಾಗೆಂದು ನಾನು ಅದನ್ನು ದೂರುವುದಿಲ್ಲ. ಆಫೀಸು, ಶಾಲೆ, ಪ್ರೆಸ್ಸುಗಳಲ್ಲಿ ಲಕ್ಷಾಂತರ ಪುಟ ಕನ್ನಡ ಟೈಪಾದದ್ದು ಅದೇ ದಾರಿಯಲ್ಲಿ. ಅಮ್ಮನ 64 ಗಾದೆ ಉಳಿದದ್ದೂ ಅದರಿಂದಲೇ.

ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಅದನ್ನು ನಾನೇ ಬರೆಯುವ ಆಸೆ ಒಂದು ಸಂಜೆ ಬಂದಿತ್ತು. ಅರ್ಕಾವೊತ್ತು ನೋಡಿ ಕೈಬಿಟ್ಟೆ. ನುಡಿಯಲ್ಲಿ ಅರ್ಕಾವೊತ್ತು ಪುಟದ ಮೇಲೆ ಕಾಣುವ ಹಾಗೆ ಅಕ್ಷರದ ನಂತರ ಬರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಹಾಗೆ ರ ಮೊದಲು, ಅದರ ಹಿಂದೆ ಉಳಿದದ್ದು. 'ಸೂರ್ಯ' ಬದಲಿಸಬೇಕಾದರೆ ಹಿಂದಕ್ಕೆ ಹೋಗಿ, ಗುಚ್ಛ ಎಲ್ಲಿ ಶುರುವಾಯಿತು ಎಂದು ಹುಡುಕಿ, ರ ಮತ್ತು ಹಲಂತವನ್ನು ಅಲ್ಲಿ ಸೇರಿಸಬೇಕು. ಬೇರೆಯವರು ವರ್ಷಗಟ್ಟಲೆ ತಿದ್ದಿದ ಕೆಲಸವನ್ನು ನಾನು ಒಂದು ಸಂಜೆಯಲ್ಲಿ ಮಾಡುವುದು ಬೇಡ ಅನಿಸಿತು. ಸಿದ್ಧ ಪರಿವರ್ತಕದಲ್ಲಿ ಹಾಕಿ, ಪ್ರಿಂಟ್ ತೆಗೆದು, ಅಮ್ಮನಿಗೆ ಕಳಿಸಿದೆ. ಅವರು ಕೆಂಪು ಪೆನ್ನಿನಲ್ಲಿ ತಿದ್ದಿದರು.

ಆ ತಿದ್ದುಪಡಿಯಿಂದ ಇನ್ನೊಂದು ವಿಷಯ ಹೊರಬಿತ್ತು. ಅಮ್ಮ ಫೋನಿನಲ್ಲಿ ಫೈಲ್ ತೆರೆದು 'ಬಂಗಾರ' ಹುಡುಕಿದರೆ ಸಿಗಲಿಲ್ಲ. ಕಣ್ಣೆದುರು ಇದೆ, ಹುಡುಕಿದರೆ ಇಲ್ಲ. ಹುಡುಗ ಸೊನ್ನೆಯ ಜಾಗದಲ್ಲಿ ಕೆಲವು ಕಡೆ ನಿಜವಾದ ಕನ್ನಡ ಅಂಕಿ ಸೊನ್ನೆಯನ್ನೇ ಒತ್ತಿದ್ದ. ಅನುಸ್ವಾರ 3202ನೇ ಮನೆ, ಅಂಕಿ ಸೊನ್ನೆ 3302ನೇ ಮನೆ. ನೋಡಲು ಒಂದೇ ಉಂಗುರ. ಹಾಗೆಯೇ ಎರಡು ಕಡೆ ಅರ್ಕಾವೊತ್ತಿಗೆ ಅಂಕಿ ಒಂಬತ್ತು ಹಾಕಿದ್ದ. ಅದೂ ನೋಡಲು ಒಂದೇ.

ಅಕ್ಷರದ ಹಿಂದೆಯೇ ಅಂಕಿ ಸೊನ್ನೆ ಬಂದರೆ ಅನುಸ್ವಾರ ಮಾಡು ಎಂದು ಸ್ಕ್ರಿಪ್ಟಿಗೆ ಹೇಳಿದೆ. ಒಂಬತ್ತನ್ನು ಮಾತ್ರ ತಾನಾಗಿ ತಿದ್ದಲು ಬಿಡಲಿಲ್ಲ. ಹೆಸರಿಸಿ ತೋರಿಸು, ಮನುಷ್ಯರು ತಿದ್ದಲಿ ಎಂದೆ. ಅಮ್ಮನ ಮಾತನ್ನು ಸ್ಕ್ರಿಪ್ಟ್ ಊಹಿಸಿ ಬದಲಿಸುವುದು ನನಗೆ ಹಿಡಿಸಲಿಲ್ಲ.

ಎರಡೆರಡು ಸಲ ಬಂದ ಗಾದೆ ತೆಗೆಯುವಾಗಲೂ ಇಂಥದೇ ಒಂದು ಸಿಕ್ಕಿತು. ಒಂದೇ ಗಾದೆ, ಒಂದೇ ಅಕ್ಷರ, ಆದರೂ ಪೈಥಾನ್ ಬೇರೆ ಬೇರೆ ಎನ್ನುತ್ತಿತ್ತು. 'ಕೊಡೆ'ಯ ಒ ಸ್ವರದ ಚಿಹ್ನೆ ಒಂದರಲ್ಲಿ ಇಡಿಯಾಗಿ 3274. ಇನ್ನೊಂದರಲ್ಲಿ 3270 ಮತ್ತು 3266 ಎಂದು ಎರಡು ತುಂಡು. ಯುನಿಕೋಡ್ ಪ್ರಕಾರ ಎರಡೂ ಸರಿ, ಎರಡೂ ಒಂದೇ. ಎನ್‌ಎಫ್‌ಸಿ ಎಂಬ ಕ್ರಮದಿಂದ ಎಲ್ಲವನ್ನೂ ಇಡಿಯ ರೂಪಕ್ಕೆ ತಂದರೆ ಹೊಂದುತ್ತವೆ. ಪೈಥಾನ್ ಒಳಗೇ ಆ ಸೌಲಭ್ಯ ಇದೆ. ಒಂಬತ್ತು ಜೋಡಿ ಹಾಗೆ ಸಿಕ್ಕವು.

ಬಾಗಿಲು ತಟ್ಟುವ ರೀತಿ

ಉಳಿದದ್ದು ನೆಟ್‌ವರ್ಕಿನ ಕೆಲಸ. ಬೇಗ ಹೇಳಿ ಮುಗಿಸುತ್ತೇನೆ.

ಫೈಲ್ ಬದಲಾಗದ ದಿನ ಅದನ್ನು ಮತ್ತೆ ತರಿಸುವುದು ಬೇಡ. ಸರ್ವರ್ 'ಕೊನೆಯ ಬದಲಾವಣೆ ಇಂಥ ಹೊತ್ತು' ಎಂದು ಹೆಡರಿನಲ್ಲಿ ಹೇಳುತ್ತದೆ. ಅದನ್ನು ಬರೆದಿಟ್ಟುಕೊಂಡು, ಮುಂದಿನ ಸಲ 'ಇದಾದ ಮೇಲೆ ಬದಲಾಗಿದ್ದರೆ ಮಾತ್ರ ಕೊಡು' ಎಂದು ಕೇಳುತ್ತೇನೆ. ಬದಲಾಗಿಲ್ಲದಿದ್ದರೆ 304 ಎಂದಷ್ಟೇ ಉತ್ತರ, ಫೈಲ್ ಇಲ್ಲ. 36 ಕೆಬಿ ಏನು ಮಹಾ ಅನ್ನಬಹುದು. ಒಬ್ಬರ ಮನೆ ಬಾಗಿಲು ತಟ್ಟುವಾಗಲೂ ಒಂದು ರೀತಿ ಇರುತ್ತದೆ, ನನಗೆ ಇದು ಹಾಗೆ.

ಎಷ್ಟು ಹೊತ್ತು ಕಾಯಬೇಕು ಎಂದು ಹೇಳಲೇಬೇಕು. ಹೇಳದಿದ್ದರೆ ರಿಕ್ವೆಸ್ಟ್ಸ್ ಕಾಯುತ್ತಲೇ ಕೂರಬಹುದು. ನಾನು 20 ಸೆಕೆಂಡ್ ಕೊಟ್ಟಿದ್ದೇನೆ. ಆಗದಿದ್ದರೆ ಹತ್ತು ನಿಮಿಷ ಬಿಟ್ಟು ಮತ್ತೆ, ಒಟ್ಟು ಮೂರು ಸಲ.

ಒಂದು ದಿನ ಹೋಸ್ಟಿಂಗ್‌ನವರು ರಿಪೇರಿ ನಡೆದಿದೆ ಎಂಬ ಪುಟ ಹಾಕಿದ್ದರು. ಆದರೆ ಉತ್ತರದ ಸಂಖ್ಯೆ 200, ಅಂದರೆ ಎಲ್ಲ ಸರಿ ಎಂದೇ ಬಂತು. ಎಚ್‌ಟಿಎಂಎಲ್ ಪುಟ ಗಾದೆಯ ವೇಷದಲ್ಲಿ ಒಳಗೆ ಬರಲು ನೋಡಿತು. ಅಲ್ಲಿಂದ ಇನ್ನೆರಡು ತಪಾಸಣೆ ಸೇರಿಸಿದೆ. ಮೊದಲ ಅಕ್ಷರ ಕೋನದ ಆವರಣವಾಗಿದ್ದರೆ (ಎಚ್‌ಟಿಎಂಎಲ್ ಶುರುವಾಗುವುದು ಅದರಿಂದ) ಬೇಡ. ಸಾಲುಗಳು ಹಿಂದಿನ ಪ್ರತಿಯ ಅರ್ಧಕ್ಕಿಂತ ಕಡಿಮೆ ಇದ್ದರೆ ಬೇಡ.

ಕೊನೆಯದು ಗಡಿಯಾರ. ಊರಿಗೆ ಹೋಗುವಾಗ ಪೈ ಆಫ್ ಮಾಡಿ ಮೂರು ವಾರ ಬಿಟ್ಟು ಬಂದೆ. ಆನ್ ಮಾಡಿದರೆ, ವೆಬ್‌ಸೈಟಿನ ಸರ್ಟಿಫಿಕೇಟ್ (ಇದು ಅಸಲಿ ಸೈಟೇ ಎಂದು ಹೇಳುವ ಗುರುತುಪತ್ರ) ಇನ್ನೂ ಜಾರಿಗೆ ಬಂದಿಲ್ಲ ಎಂಬ ದೋಷ. ಈ ಪೈಯಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಆಫ್ ಮಾಡಿದ ಹೊತ್ತನ್ನೇ ನೆನಪಿಟ್ಟುಕೊಂಡು ಎದ್ದಿತ್ತು. ನಡುವೆ ಸರ್ಟಿಫಿಕೇಟ್ ಹೊಸದಾಗಿತ್ತು, ಅದಕ್ಕೆ ಬರೀ 90 ದಿನದ ಆಯಸ್ಸು. ಮೂರು ವಾರ ಹಿಂದಿದ್ದ ಪೈಗೆ ಅದು ನಾಳೆಯ ಕಾಗದ. ತಪಾಸಣೆಯನ್ನೇ ಆಫ್ ಮಾಡಿ ಎಂದು ಕೆಲವರು ಹೇಳುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ನೆಟ್‌ನಿಂದ ಸಮಯ ಸರಿಯಾಗುವವರೆಗೆ ಸ್ಕ್ರಿಪ್ಟ್ ಕಾಯಲಿ. ಒಂದು ನಿಮಿಷ ಸಾಕು.

ಸಾಗರದ ಗೋಡೆ

ದಸರಾ ರಜೆಯಲ್ಲಿ ಇಂಥದೇ ಇನ್ನೊಂದನ್ನು ಕಟ್ಟಿಕೊಂಡು ಹೋದೆ. ಅಮ್ಮನ ಕೋಣೆಯಲ್ಲಿ, ಕಿಟಕಿ ಪಕ್ಕ, ಅವರು ಕಾಫಿ ಕುಡಿಯುವ ಕುರ್ಚಿಯಿಂದ ಕಾಣುವ ಹಾಗೆ ಹಾಕಿದೆ. ಹುಡುಗನೇ ಮೊಳೆ ಹೊಡೆದ. ಈಗ ಫೈಲ್ ಅವನ ಜವಾಬ್ದಾರಿ, ಸ್ಕ್ರಿಪ್ಟ್ ಕೂಡ ನಿಧಾನಕ್ಕೆ ಅವನ ಕೈಗೆ ಹೋಗುತ್ತಿದೆ.

ಮರುದಿನ ಬೆಳಿಗ್ಗೆ ಅಮ್ಮ ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ನಿಂತರು. ತುಟಿ ಅಲುಗಿಸುತ್ತಾ ಒಂದೊಂದೇ ಅಕ್ಷರ ಓದಿದರು. ಹಿಂದೆ ನಮ್ಮ ಕಾಪಿ ತಿದ್ದುತ್ತಿದ್ದದ್ದೂ ಹೀಗೇ. "ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ" ಎಂದು ಒಂದು ಸಲ ಗಟ್ಟಿಯಾಗಿ ಹೇಳಿ, "ಎರಡೂ ಅ ಇದೆ" ಅಂದರು. ಹುಡುಗ ಲ್ಯಾಪ್‌ಟಾಪ್ ತೆಗೆದು ಅವತ್ತಿನ ಲಾಗ್ ತೋರಿಸಿದ. ಸಾಲು 472, ಅ 171, ತಪಾಸಣೆ ಸರಿ. ಅಮ್ಮ ಅದನ್ನೂ ಓದಿ, ಮೇಜಿನ ಮೇಲಿದ್ದ ಚೀಟಿ ಅವನ ಕಡೆ ಜಾರಿಸಿದರು. ಹಿಂದಿನ ದಿನ ಹಾಲಿನವರ ಬಾಯಲ್ಲಿ ಕೇಳಿದ ಗಾದೆ ಅದರಲ್ಲಿತ್ತು.